ಸಾವಿಲ್ಲದವನ ಹೆಸರು

ಬ್ಲೈನೌ
ಮಾರ್ಚ್ 10, 1971

ಪ್ರೀತಿಯ ತೆಗ್ವೆನ್ ಅಕ್ಕನಿಗೆ,

ತಮ್ಮ ಎಮ್ರಿಸ್ ಮುಳುಗಿದ ದಿನ ನಾನು ಅಲ್ಲೇ ಇದ್ದೆ. ಇವತ್ತಿನವರೆಗೆ, ಆರು ವರ್ಷ, ಇದನ್ನು ಯಾರಿಗೂ ಹೇಳಿರಲಿಲ್ಲ. ನೀನೂ ಮಗುವೂ ಕ್ಷೇಮವೇ ಎಂದು ಮೊದಲು ಕೇಳಬೇಕಿತ್ತು, ಕ್ಷಮಿಸು. ಈ ಮಾತು ಮೊದಲೇ ಬರೆಯದಿದ್ದರೆ ಇವತ್ತೂ ಕಾಗದ ಹರಿದುಹಾಕುತ್ತಿದ್ದೆ. ತಡವಾದದ್ದಕ್ಕೆ ಅಂಚೆ ಮುಷ್ಕರದ ನೆಪ ಹೇಳುವುದಿಲ್ಲ. ಮುಷ್ಕರ ಇದ್ದಷ್ಟು ದಿನ ನನಗೆ ಹಾಯಾಗಿತ್ತು.

ಇವತ್ತು ಮಧ್ಯಾಹ್ನದವರೆಗೆ ಅಮ್ಮ ಖುಷಿಯಾಗಿದ್ದಳು, ಅದೇ ನನ್ನ ಸಂಕಟವಾಗಿತ್ತು. ನಮ್ಮ ಎಮ್ರಿಸ್‌ನನ್ನು ಕೂಸಾಗಿದ್ದಾಗ ಮೈಗೆ ಕಟ್ಟಿಕೊಂಡು ಓಡಾಡುತ್ತಿದ್ದ ಉಣ್ಣೆಯ ಶಾಲನ್ನು ಪೆಟ್ಟಿಗೆಯಿಂದ ತೆಗೆದು ಒಗೆದಿದ್ದಾಳೆ. ಭಾನುವಾರ ನೀವು ಬಾಲಾದಿಂದ ಬಂದಾಗ ನಿನ್ನ ಮಗನಿಗೆ ಅದನ್ನೇ ಹೊದಿಸಿ ದೀಕ್ಷಾಸ್ನಾನಕ್ಕೆ ಒಯ್ಯಬೇಕಂತೆ. ಅಂಗಡಿಯಲ್ಲಿ ಕಂಡವರಿಗೆಲ್ಲ "ನಮ್ಮ ಎಮ್ರಿಸ್ ವಾಪಸ್ ಬಂದ" ಅನ್ನುತ್ತಿದ್ದಳು. ತೀರಿಕೊಂಡವರ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ನಮ್ಮಲ್ಲಿ ಹೊಸದಲ್ಲ. ನನ್ನ ಹೆಸರೂ ಹಾಗೇ ಬಂದದ್ದು, ಅಪ್ಪನ ತಮ್ಮನಿಂದ. ಆದರೆ ಈ ಹೆಸರು ಬೇಡ ಅಕ್ಕ.

ಚಾಪೆಲಿನಲ್ಲಿ ಮಕ್ಕಳು ಎದ್ದು ನಿಂತು ಬೈಬಲಿನ ವಚನ ಒಪ್ಪಿಸುವಾಗ ಎಮ್ರಿಸ್ ಪ್ರತಿ ವಾರ "ದೇವರು ಪ್ರೀತಿ" ಎಂಬ ಅತಿ ಚಿಕ್ಕದನ್ನೇ ಹೇಳಿ ಕೂರುತ್ತಿದ್ದನಲ್ಲ. ಒಂದು ಭಾನುವಾರ ಗೊರೊನ್ವಿ ಪಾದ್ರಿಗಳು ತಡೆದರು.

"ಲೋ ಸೋಮಾರಿ, ಬೇರೆ ವಚನ ಇಲ್ವೇನೋ ನಿನ್ ಹತ್ರ?"

"ಇದು ಹಳೇದಾಯ್ತಾ ಅಯ್ಯನೋರೆ?" ಅಂದ. ಎಲ್ಲರೂ ನಕ್ಕರು.

"ನಿನ್ ಹೆಸರಿಗೆ ಏನರ್ಥ ಅಂತಾದ್ರೂ ಗೊತ್ತೇನೋ?" ಎಂದು ಕೇಳಿ ಅವರೇ ಹೇಳಿದರು. ರೋಮನರ ಅಂಬ್ರೋಸಿಯಸ್ ನಮ್ಮ ಬಾಯಲ್ಲಿ ಎಮ್ರಿಸ್ ಆಯಿತಂತೆ. ಅದಕ್ಕೂ ಹಿಂದೆ ಗ್ರೀಕರಲ್ಲಿ ಅದಕ್ಕೆ ಸಾವಿಲ್ಲದವನು ಎಂದರ್ಥ. ಅವರು ಮಿಷನ್ ಕೆಲಸಕ್ಕೆ ಹೋಗಿದ್ದ ಬಂಗಾಳದ ಸಿಲ್ಹೆಟ್ಟಿನ ಕಡೆ ಅಮೃತ ಅನ್ನುತ್ತಾರಂತೆ, ಅದೂ ಇದರ ನೆಂಟನೇ.

"ಇಷ್ಟೊಂದ್ ಭಾಷೆಯೋರು ಸೇರ್ಕೊಂಡು ಸುಳ್ಳು ಹೇಳ್ತಾರಾ?" ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅವನ ಜಂಬ. ಅವನಿಗೆ ಒಂಬತ್ತು, ನನಗೆ ಹದಿಮೂರು.

ಅದೇ ವಾರದ ಶನಿವಾರ ಹಳೇ ಕಲ್ಲುಗಣಿಯ ನೀರಿನ ಮೇಲೆ ಚಾಚಿದ ಬಂಡೆಯ ಮೇಲೆ ನಿಂತಿದ್ದೆವು. ನಾನೇ ಅಂದೆ, "ಸಾವಿಲ್ದೋನಲ್ವೇನೋ ನೀನು, ಹಾರು ನೋಡೋಣ." ಹಾರಿದ. ಕುರಿಮರಿ ಹಿಡಿಯಲು ಹೋಗಿ ಜಾರಿದ ಎಂದು ಊರಿನವರು ಅಂದುಕೊಂಡರು, ನಾನು ಬಾಯಿ ಬಿಡಲಿಲ್ಲ. ನಾನು ಶಾಲೆ ಬಿಟ್ಟದ್ದು ಓದು ಹತ್ತದೆ ಅಲ್ಲ. ತರಗತಿಯ ಕಿಟಕಿಯಿಂದ ಆ ಬಂಡೆ ಕಾಣುತ್ತಿತ್ತು.

ಇವತ್ತು ಮಧ್ಯಾಹ್ನ ಅಮ್ಮನಿಗೆ ಹೇಳಿಬಿಟ್ಟೆ. ಅವಳು ಶಾಲನ್ನು ಮಡಚುತ್ತಲೇ ಇದ್ದಳು. "ಒಲೆಗೆ ಕಲ್ಲಿದ್ದಲು ಹಾಕು, ಆರೋಗ್ತಿದೆ" ಅಂದಳು. ಹಾಕಿದೆ. ಆಮೇಲೆ ನನ್ನ ಕಡೆ ನೋಡಿಲ್ಲ. ಶಾಲನ್ನು ಪೆಟ್ಟಿಗೆಯೊಳಗೂ ಇಟ್ಟಿಲ್ಲ. ಅವಳು ಏನೇ ಹಟ ಹಿಡಿದರೂ ನೀನು ಒಪ್ಪಬೇಡ, ಕಾಲು ಹಿಡಿದು ಕೇಳುತ್ತೇನೆ.

ಮಗುವಿಗೆ ಬೇರೆ ಯಾವ ಹೆಸರಾದರೂ ಇಡು, ಅರ್ಥವೇ ಇಲ್ಲದ್ದಾದರೂ ಸರಿ. ನೀರು ಕಂಡರೆ ಹೆದರುವವನಾಗಿ ಅವನು ಬಹಳ ಕಾಲ ಬಾಳಲಿ.

ನಿನ್ನ ತಮ್ಮ,
ಇಥೆಲ್

ತಾ.ಕ.: ಅಮ್ಮನಿಗೂ ಹೇಳಲಾಗದ್ದು ಒಂದು ಉಳಿದಿದೆ. ಅವನು ಒಬ್ಬನೇ ಹಾರಲು ಒಪ್ಪಿರಲಿಲ್ಲ. "ನೀನೂ ಬರ್ತೀಯಲ್ವಾ ಅಣ್ಣ?" ಅಂದ. ಬರ್ತೀನಿ ಅಂದೆ. ಕೈ ಕೈ ಹಿಡಿದುಕೊಂಡು ಒಟ್ಟಿಗೆ ಮೂರರವರೆಗೆ ಎಣಿಸಿದೆವು. ಮೂರು ಅಂದಾಗ ನಾನು ಕೈ ಬಿಟ್ಟೆ.

ನಾಳೆ ಬೆಳಗಿನ ಮೊದಲ ರೈಲಿಗೆ ಊರು ಬಿಟ್ಟು ಹೊರಡುತ್ತಿದ್ದೇನೆ, ಭಾನುವಾರ ನೀವು ಬಂದಾಗ ನಾನು ಇಲ್ಲಿರುವುದಿಲ್ಲ.