ಧಾರಿಣಿಯ ಪಾಲಿನ ಅನ್ನ

ನೋಯ್ಡಾ
೧೬ ಏಪ್ರಿಲ್ ೨೦೨೫, ಬುಧವಾರ, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಮಗಳು ಮೈತ್ರೇಯಿಗೆ,

ಹೇಗಿದ್ದೀಯಮ್ಮ? ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿ ಮಗಳ ಮಂಚದ ಪಕ್ಕ ಆ ಮಡಚುವ ಕುರ್ಚಿಯ ಮೇಲೆ ಮಲಗಿ ಮಲಗಿ ನಿನ್ನ ಸೊಂಟ ಏನಾಗಿದೆಯೋ. ಥೈರಾಯ್ಡ್ ಮಾತ್ರೆ ಮುಗಿದಿದೆ ಎಂದಿದ್ದೆ, ಅಳಿಯ ಹೃಷಿಕೇಶ್ ಕೈಯಲ್ಲಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ದಪ್ಪ ಶಾಲೂ ಚೀಲದಲ್ಲಿದೆ, ಅಲ್ಲಿ ಏಸಿ ಜಾಸ್ತಿಯಂತಲ್ಲ. ನಾನು ಚೆನ್ನಾಗಿದ್ದೇನೆ. ಇವತ್ತು ಬೆಳಿಗ್ಗೆ ಶುಗರ್ ನೂರ ಮೂವತ್ತೆಂಟು. ಐದು ತಿಂಗಳಿಂದ ಯಾವ ಮಾತ್ರೆಗೂ ಬಗ್ಗದಿದ್ದದ್ದು ಈ ಒಂಬತ್ತು ದಿನದಲ್ಲಿ ತಾನಾಗಿ ಹೇಗೆ ಇಳಿಯಿತು ಎಂದು ನೀನು ಕೇಳಿದರೆ, ಅದಕ್ಕೂ ಉತ್ತರ ಈ ಕಾಗದದಲ್ಲೇ ಇದೆ.

ಫೋನಿರುವಾಗ ಅಪ್ಪನಿಗೆ ಕಾಗದ ಬರೆಯುವ ಹುಚ್ಚೇಕೆ ಎನ್ನಬೇಡ. ನಿನ್ನೆ ಸಂಜೆಯಿಂದ ನಾಲ್ಕು ಸಲ ಫೋನ್ ಮಾಡಿದೆನಲ್ಲ, ನಾಲ್ಕು ಸಲವೂ ಇದನ್ನು ಹೇಳುವುದಕ್ಕೇ. ನಿನ್ನ ದನಿ ಕೇಳಿದ ತಕ್ಷಣ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ನಾನು ಪುಕ್ಕಲ ಕಣಮ್ಮ. ಕರೆಂಟ್ ಕಂಬ ಹತ್ತುವುದಕ್ಕೆ ಹೆದರಲಿಲ್ಲ, ತಪ್ಪು ಒಪ್ಪಿಕೊಳ್ಳುವುದಕ್ಕೆ ಹೆದರಿದೆ. ನಿಮ್ಮಮ್ಮ ಇದ್ದಾಗಲೂ ಇದೇ ಕಥೆ. ಆದರೆ ಇವತ್ತು ಸುಮ್ಮನಿದ್ದರೆ ಆಗುವುದಿಲ್ಲ. ನಾಳೆ ಬೆಳಿಗ್ಗೆ ಧಾರಿಣಿಗೆ ಮಂಪರು ಕೊಟ್ಟು, ಬಾಯಿಂದ ಟ್ಯೂಬು ಇಳಿಸಿ, ಕರುಳಿನ ಚೂರು ತೆಗೆದು ನೋಡುತ್ತಾರಂತೆ. ತಿಂದದ್ದು ಮೈಗೆ ಹತ್ತದೆ ಎಲ್ಲಿ ಹೋಗುತ್ತಿದೆ ಎಂದು ಹುಡುಕುತ್ತಾರಂತೆ. ನಿಮಿಷಕ್ಕೆ ನಲವತ್ತೆರಡು ಸಲ ಬಡಿಯುತ್ತಿರುವ ಎದೆ ಆ ಮಂಪರನ್ನು ತಡೆಯುತ್ತದೋ ಇಲ್ಲವೋ ಎಂಬ ಭಯ ಅವರಿಗೇ ಇದೆ, ಅದಕ್ಕೇ ನಿನ್ನ ಹತ್ತಿರ ಅಷ್ಟು ಕಡೆ ಸಹಿ ಹಾಕಿಸಿಕೊಂಡರು. ಅದನ್ನು ನಿಲ್ಲಿಸು. ಅವಳ ಕರುಳಿನಲ್ಲಿ ಏನೂ ಸಿಗುವುದಿಲ್ಲ. ಮಗು ತಿಂದೇ ಇಲ್ಲ. ಅವಳ ಪಾಲಿನ ಮಧ್ಯಾಹ್ನದ ಊಟವನ್ನು ಐದು ತಿಂಗಳಿಂದ ನಾನು ತಿಂದಿದ್ದೇನೆ.

ಶುರುವಾದದ್ದು ದೀಪಾವಳಿ ಕಳೆದ ಮೇಲೆ. ನನ್ನ ಶುಗರ್ ಮುನ್ನೂರು ದಾಟಿತೆಂದು ನೀನು ನನ್ನ ತಟ್ಟೆಗೆ ಎರಡು ಒಣ ಚಪಾತಿ, ಬೇಯಿಸಿದ ಸೋರೆಕಾಯಿ ಎಂದು ತೀರ್ಮಾನ ಮಾಡಿದೆಯಲ್ಲ, ಆಗ. ನಿನಗೆ ಎದುರಾಡುವ ಧೈರ್ಯ ನನಗಿರಲಿಲ್ಲ, ಅದನ್ನು ನುಂಗುವ ತಾಳ್ಮೆಯೂ ಇರಲಿಲ್ಲ. ಎರಡೂವರೆಗೆ ಧಾರಿಣಿ ಸ್ಕೂಲ್ ಬಸ್ಸಿಳಿದು ಬರುವಳು, ನೀವಿಬ್ಬರೂ ಆಫೀಸಿನಲ್ಲಿ. ಅಡುಗೆಯ ಅಮಿತಾ ಅವಳಿಗೆಂದು ಅನ್ನ, ನೀನು ಕಲಿಸಿಕೊಟ್ಟ ಹುಳಿ, ಆಲೂಗಡ್ಡೆ ಪಲ್ಯ ಎಲ್ಲ ಮುಚ್ಚಿಟ್ಟು ಹೋಗಿರುತ್ತಿದ್ದಳು. ಒಂದು ದಿನ ನನ್ನ ಸೋರೆಕಾಯಿ ಮುಖ ನೋಡಿ ಮಗು ನಕ್ಕಿತು. ತನ್ನ ತಟ್ಟೆಯನ್ನು ನನ್ನ ಮುಂದೆ ತಳ್ಳಿ, "ತಾತಾ, ಆಪ್ ಖಾ ಲೋ ನಾ. ಅಮ್ಮಂಗೆ ನಾನು ಹೇಳಲ್ಲ, ಪಕ್ಕಾ" ಎಂದಳು. ನನಗೆ ಕಣ್ಣು ತುಂಬಿ ಬಂತು ಮೈತ್ರೇಯಿ. ಹೆಂಡತಿ ಹೋದ ಮೇಲೆ ನನ್ನ ಬಾಯಿರುಚಿ ಕೇಳಿದವರು ಯಾರೂ ಇರಲಿಲ್ಲ, ಮೊಮ್ಮಗಳಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ತುಪ್ಪ ಹಾಕಿ ಕಲಸಿಕೊಂಡು ತಿಂದೆ.

ಆಮೇಲೆ ಅದು ದಿನದ ರೂಢಿಯಾಯಿತು. ನಾನು ತಿನ್ನುವಾಗ ಅವಳು ಎದುರಿಗೆ ಕೂತು ಕಣ್ಣು ಕದಲಿಸದೆ ನೋಡುತ್ತಿದ್ದಳು. ಹುಳಿಗೆ ಉಪ್ಪು ಸರಿಯಿದೆಯಾ, ಆಲೂ ಮೆತ್ತಗಿದೆಯಾ, ತುಪ್ಪ ಇನ್ನಷ್ಟು ಬೇಕಾ ಎಂದು ಕೇಳುತ್ತಿದ್ದಳು. ಭಾನುವಾರ ನಮಗೆಲ್ಲ ಕೇಕು ಮಾಡುತ್ತಿದ್ದಳಲ್ಲ, ಫೋನಿನಲ್ಲಿ ಗಂಟೆಗಟ್ಟಲೆ ಅಡುಗೆಯ ವಿಡಿಯೋ ನೋಡುತ್ತಿದ್ದಳಲ್ಲ, ಅಡುಗೆಯಲ್ಲಿ ಅಜ್ಜಿಯನ್ನೇ ಹೋಲುತ್ತಾಳೆ ಎಂದು ನಾನೇ ಬೀಗಿದ್ದೆ. ಅವಳು ತಾನು ಮಾಡಿದ ಕೇಕಿನ ಒಂದು ಚೂರನ್ನಾದರೂ ಬಾಯಿಗಿಟ್ಟದ್ದು ನನಗೆ ನೆನಪಿಲ್ಲ. ಇನ್ನೊಂದು ತಟ್ಟೆಗೆ ಹುಳಿ ಸವರಿ ಸಿಂಕಿನಲ್ಲಿ ಇಡುವುದು ಅವಳ ಕೆಲಸ. ಸಂಜೆ ನೀನು ಆಫೀಸಿನಿಂದ ಫೋನ್ ಮಾಡಿದಾಗ, ಎರಡು ಸಲ ಬಡಿಸಿಕೊಂಡಳು ಎಂದು ಹೇಳುವುದು ನನ್ನ ಕೆಲಸ. ರಾತ್ರಿ ಊಟಕ್ಕೆ ಕರೆದರೆ ಅವಳು, ಮಧ್ಯಾಹ್ನದ್ದೇ ಕರಗಿಲ್ಲ ಅಮ್ಮಾ, ತಾತನ್ನ ಕೇಳು ಎನ್ನುತ್ತಿದ್ದಳು. ನೀನು ನನ್ನ ಕಡೆ ನೋಡುತ್ತಿದ್ದೆ, ನಾನು ತಲೆಯಾಡಿಸುತ್ತಿದ್ದೆ.

ಕಾಣಲಿಲ್ಲವೇ ಎಂದು ಕೇಳುತ್ತೀಯ. ಕಂಡಿತು. ಹೋಳಿ ಕಳೆದು ಫ್ಯಾನು ಹಾಕಿದ ಮೇಲೂ ಅವಳು ಸ್ವೆಟರ್ ಬಿಚ್ಚಲಿಲ್ಲ. ಬಚ್ಚಲ ಜಾಲರಿಯಲ್ಲಿ ಅವಳ ಕೂದಲು ಉಂಡೆ ಉಂಡೆಯಾಗಿ ಸಿಗುತ್ತಿತ್ತು, ನಾನೇ ಬಳಿದು ಹಾಕಿದ್ದೇನೆ. ನಿನಗೆ ಹೇಳದೆ ಎರಡು ಸಲ ದೃಷ್ಟಿ ತೆಗೆದೆ, ದೇವರ ಮುಂದೆ ದೀಪ ಹಚ್ಚಿದೆ, ಮಾಡಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಫೆಬ್ರವರಿಯಲ್ಲಿ ಒಂದು ದಿನ ಮಾತ್ರ, ಇವತ್ತು ನೀನೇ ತಿನ್ನು ಪುಟ್ಟಿ ಎಂದು ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ. ನಾನು ಲೈನ್‌ಮನ್ ಆಗಿದ್ದವನು. ಹರಿದುಬಿದ್ದ ತಂತಿ ಕಂಡರೆ ಮೈ ಹೇಗೆ ಹಿಂದಕ್ಕೆ ಜಗ್ಗುತ್ತದೆ ಎಂಬುದು ನನಗೆ ಗೊತ್ತು. ಅವಳು ಅನ್ನದ ಮುಂದೆ ಹಾಗೆ ಜಗ್ಗಿದಳು. ಅಳತೊಡಗಿದಳು. "ಪ್ಲೀಸ್ ತಾತಾ, ನಂಗೆ ಡರ್ ಲಗ್ತಾ ಹೈ" ಎಂದಳು. ಯಾತರ ಭಯ ಎಂದು ಕೇಳಬೇಕಿತ್ತು. ಕೇಳಲಿಲ್ಲ, ತಿಂದುಬಿಟ್ಟೆ. ನಾನು ತಿಂದ ಕೂಡಲೇ ಅವಳ ಅಳು ನಿಂತಿತು, ಅದೇ ನನಗೆ ಸಾಕಾಯಿತು.

ಡಾಕ್ಟರಮ್ಮ ಮೊದಲ ದಿನವೇ ಇದನ್ನು ಊಹಿಸಿದ್ದರು. ಇದು ಊಟದ ಕಾಯಿಲೆಯಿರಬಹುದು, ಅನೊರೆಕ್ಸಿಯಾ ಎನ್ನುತ್ತಾರೆ ಎಂದಾಗ ನಿನಗೆ ಎಂಥ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ, ನಮ್ಮಪ್ಪ ದಿನಾ ಎದುರಿಗೆ ಕೂತು ಊಟ ಮಾಡಿಸುತ್ತಾರೆ ಎಂದು ನನ್ನ ಕಡೆ ಕೈ ತೋರಿಸಿದೆ. ಅವರು ನನ್ನನ್ನೇ ಕೇಳಿದರು. ಪೂರಾ ಖಾತೀ ಥೀ, ಪೂರ್ತಿ ತಿನ್ನುತ್ತಿದ್ದಳು ಎಂದೆ, ನನ್ನ ಹರಕು ಹಿಂದಿಯಲ್ಲಿ ಅದೊಂದು ಮಾತು ಎಷ್ಟು ಸಲೀಸಾಗಿ ಬಂತು. ಅಲ್ಲಿಂದಾಚೆಗೆ ಅವರು ಕರುಳು ಹುಡುಕತೊಡಗಿದರು. ಸೋಮವಾರ ವರಾಂಡದಲ್ಲಿ ನನ್ನೊಬ್ಬನನ್ನೇ ಕೂರಿಸಿಕೊಂಡು ಮತ್ತೆ ಬಿಡಿಸಿ ಹೇಳಿದರು. ಇದು ಹಟವಲ್ಲ ಅಂಕಲ್‌ಜೀ, ತೆಳ್ಳಗಾಗುವ ಷೋಕಿಯೂ ಅಲ್ಲ. ಎಲುಬು ಕಾಣುತ್ತಿದ್ದರೂ ಅವಳ ಕಣ್ಣಿಗೆ ತಾನು ದಪ್ಪ. ಹಸಿವಾಗುತ್ತದೆ, ಆದರೆ ಒಂದು ತುತ್ತು ಒಳಗೆ ಹೋದರೆ ದಿನವಿಡೀ ಜೀವ ತಿನ್ನುತ್ತದೆ. ಸುಳ್ಳು ಹೇಳಿಸುವುದೂ ಆ ಕಾಯಿಲೆಯೇ, ಮಗುವಲ್ಲ. ಇದರಲ್ಲಿ ಎದೆ ನಿಂತು ಹೋಗುವ ಮಕ್ಕಳಿದ್ದಾರೆ ಎಂದರು. ನಾನು ಅಚ್ಛಾ ಅಚ್ಛಾ ಎನ್ನುತ್ತಾ ಕೂತಿದ್ದೆ.

ಮಗುವಿಗೆ ಕಾಯಿಲೆ, ಅದಕ್ಕೆ ಸುಳ್ಳು ಹೇಳಿತು. ನನಗೇನಾಗಿತ್ತು? ನನ್ನದು ಬರೀ ನಾಲಿಗೆ ಚಪಲ. ಇಲ್ಲ, ಅದೂ ಪೂರ್ತಿ ನಿಜವಲ್ಲ. ಈ ಊರಿನಲ್ಲಿ ನನ್ನ ಹತ್ತಿರ ಕೂತು ಮಾತಾಡುವವಳು ಅವಳೊಬ್ಬಳೇ, ಅವಳೂ ಎದ್ದು ಹೋದಾಳು ಎಂದು ಹೆದರಿದೆ. ನೀನು ಬೈಯಿ. ನನ್ನನ್ನು ಎಲ್ಲಿಗಾದರೂ ಕಳಿಸು. ಅವಳು ಉಳಿದರೆ ಸಾಕು ಎಂದು ದೇವರನ್ನು ಕೇಳುವ ಮುಖವೂ ನನಗಿಲ್ಲ, ನೀನೇ ಕೇಳಿಕೋ. ಈ ಕಾಗದವನ್ನು ಡಾಕ್ಟರಮ್ಮನಿಗೆ ಇವತ್ತೇ ಓದಿ ಹೇಳು. ನಾಳೆಯವರೆಗೆ ಕಾಯಬೇಡ.

ಹೃಷಿಕೇಶ್ ಅವರಿಗೆ ಇದನ್ನು ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಧಾರಿಣಿಯ ತಲೆ ಸವರು, ನನ್ನ ಹೆಸರು ಹೇಳಬೇಡ. ನಿನಗೆ ಇದನ್ನೆಲ್ಲ ತಡೆದುಕೊಳ್ಳುವ ಶಕ್ತಿ ಬರಲಿ.

ನಿನ್ನ ಅಪ್ಪ,
ದಕ್ಷಿಣಾಮೂರ್ತಿ

ತಾ.ಕ.: ಹೃಷಿಕೇಶ್ ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಮಧ್ಯಾಹ್ನ ನಾನು ಬಂದಾಗ ನೀನು ಟೀ ಕುಡಿದು ಬರುತ್ತೇನೆಂದು ಕ್ಯಾಂಟೀನಿಗೆ ಹೋದೆ, ಹತ್ತೇ ನಿಮಿಷ. ನರ್ಸ್ ಖಿಚಡಿ ಇಟ್ಟು ಹೋಗಿದ್ದರು. ಧಾರಿಣಿ ಬಟ್ಟಲನ್ನು ನನ್ನ ಕಡೆ ತಳ್ಳಿ ಮುಖ ನೋಡಿದಳು. ಅಷ್ಟು ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಿಂದೆ. ನೀನು ಬಂದು ಖಾಲಿ ಬಟ್ಟಲು ನೋಡಿ, ತಿಂದಳಾ ಅಪ್ಪಾ ಎಂದು ನನ್ನ ಕೈ ಹಿಡಿದುಕೊಂಡು ಅತ್ತೆ. ನರ್ಸ್ ಪೂರ್ತಿ ತಿಂದಿದ್ದಾಳೆ ಎಂದು ಬರೆದುಕೊಂಡರು. ಅದನ್ನು ಹೊಡೆದು ಹಾಕಿಸು. ಇನ್ನು ನಾನೆಷ್ಟೇ ಬೇಡಿಕೊಂಡರೂ ನನ್ನನ್ನು ಅವಳ ಹತ್ತಿರ ಬಿಡಬೇಡ.