ಬಾಲ್‌ಪೆನ್ನಿನ ಜಗಳ ನೆನಪಿದೆಯೇ?

ಮಾನ್ಯ ಪ್ರಾಂಶುಪಾಲರೇ,

ಕಳೆದ ಸೋಮವಾರ ನಿಮ್ಮ ಉಪನ್ಯಾಸಕರು, ಲ್ಯಾಪ್‌ಟಾಪ್ ತಂದಳೆಂದು ನನ್ನ ಮೊಮ್ಮಗಳನ್ನು ತರಗತಿಯಿಂದ ಹೊರಗೆ ಕಳಿಸಿದ್ದು ಅನ್ಯಾಯ. ಅವಳ ದೃಷ್ಟಿ ಮಂದ. ಮುಂದಿನ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣದು. ಪಾಠದ ಪುಟಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡಕ್ಷರ ಮಾಡಿಕೊಂಡು ಓದುತ್ತಾಳೆ. "ಸಿನಿಮಾ ನೋಡೋಕೆ ಬಂದಿದ್ದೀಯೇನಮ್ಮಾ?" ಎಂದರಂತೆ. "ಇನ್ನು ಕಾಲೇಜಿಗೆ ಹೋಗಲ್ಲ ತಾತ" ಎಂದು ಹಟ ಹಿಡಿದು ಕೂತಿದ್ದಾಳೆ.

ಸಿನಿಮಾ ನೋಡುವವರೂ ಇದ್ದಾರೆ, ಒಪ್ಪುತ್ತೇನೆ. ನಾವು ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದಲಿಲ್ಲವೇ? ಅದಕ್ಕೆಂದು ಪುಸ್ತಕವನ್ನೇ ಯಾರೂ ನಿಷೇಧಿಸಲಿಲ್ಲ.

ನಾವು ಓದುವಾಗ, ಅಕ್ಷರ ಕೆಡುತ್ತದೆಂದು ಇದೇ ಕಾಲೇಜಿನಲ್ಲಿ ಬಾಲ್‌ಪೆನ್ನಿಗೆ ನಿಷೇಧವಿತ್ತು. ಆಗ ನನ್ನ ಪಕ್ಕದ ಹುಡುಗ ಎದ್ದುನಿಂತು, "ಶಾಯಿ ಪೆನ್ನು ಸೋರಿ ಇದ್ದೊಂದು ಅಂಗೀನೂ ಹಾಳಾಯ್ತು ಸಾರ್. ಅಕ್ಷರ ನಾನು ನೋಡ್ಕೋತೀನಿ, ಅಂಗಿ ನೀವು ಕೊಡಿಸ್ತೀರಾ?" ಎಂದ. ಮೇಷ್ಟ್ರೂ ನಕ್ಕುಬಿಟ್ಟರು. ಮರುದಿನವೇ ನಿಷೇಧ ಹೋಯಿತು.

ಆ ಹುಡುಗ ನೀವೇ. ಅವನ ಮೇಲೆ ನನಗೆ ಇನ್ನೂ ಭರವಸೆಯಿದೆ.

ಮೊಮ್ಮಗಳನ್ನು ನಾನೇ ಹೇಗಾದರೂ ಒಪ್ಪಿಸಿ, ಬರುವ ಸೋಮವಾರ ಲ್ಯಾಪ್‌ಟಾಪ್ ಸಮೇತ ಕಳಿಸುತ್ತೇನೆ. ಅವಳು ಒಳಗೆ ಕೂರಬಹುದೇ, ಇಲ್ಲವೇ? ಉತ್ತರವನ್ನು ನನಗೆ ಫೋನಿನಲ್ಲಿ ಹೇಳಬೇಡಿ. ಅದೇ ತರಗತಿಗೆ ಬಂದು, ಎಲ್ಲರ ಮುಂದೆ ಹೇಳಿ.

ಇಂತಿ,
ನಿಮ್ಮ ಹಳೆಯ ಬೆಂಚಿನ ಜೊತೆಗಾರ