ಅಳಿಸಿಹೋದ ಗುರುತು

ಭಾನುವಾರ, ಮಧ್ಯಾಹ್ನ

ನನ್ನ ಜೀರುಂಡೆಗೆ,

ಚಿಕ್ಕಮ್ಮನ ಮುದ್ದು. ನಿನ್ನ ಕಾಗದ ಕೈಸೇರಿತು. ಗಂಡನ ಮೊದಲ ಹೆಂಡತಿಯ ಮಗಳು ನಿನ್ನನ್ನು ಕಂಡರೆ ಬಾಗಿಲ ಹಿಂದೆ ಅಡಗುತ್ತಾಳೆ, ಅವಳನ್ನು ಎತ್ತಿಕೊಳ್ಳಲು ನಿನಗೂ ಕೈ ಮುಂದಾಗುವುದಿಲ್ಲ, ಮುಂದಿನ ವಾರ ಅವಳ ಅಜ್ಜಿಯ ಮನೆಗೆ ಬಿಟ್ಟುಬಿಡುವ ಯೋಚನೆಯಿದೆ ಎಂದು ಬರೆದಿದ್ದೀಯೆ. ಹೆರದವಳಿಗೆ ತಾಯ್ತನ ಎಲ್ಲಿಂದ ಬರಬೇಕು ಎಂದು ಬೇರೆ ಕೇಳಿದ್ದೀಯೆ. ಕೇಳಿದ್ದೂ ಯಾರನ್ನು! ಅಕ್ಕ ಹೋದಮೇಲೆ ನಿನ್ನನ್ನು ಸೊಂಟಕ್ಕೇರಿಸಿಕೊಂಡವಳನ್ನು. ನಗು ಬಂತು, ಆಮೇಲೆ ಕಣ್ಣು ತುಂಬಿತು.

ಕಾಗದ ಬಂದಾಗಿನಿಂದ ಪ್ರಯೋಗಾಲಯದ ಇಲಿಗಳ ಸಹವಾಸದಲ್ಲೇ ಇದ್ದೆ. ಇಲಿಯ ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಚೂರು ಜಾಗವಿದೆ. ಹಸಿವು, ನಿದ್ದೆ, ಮರಿಗಳ ಮೇಲಿನ ಮಮತೆ ಎಲ್ಲಕ್ಕೂ ಅಲ್ಲಿಂದ ನರದೆಳೆಗಳು ಹೊರಡುತ್ತವೆ. ಅಲ್ಲಿ ಒಂದು ಹನಿ ಹೊಳೆಯುವ ಬಣ್ಣ ಬಿಟ್ಟರೆ ಎಳೆಯ ಉದ್ದಕ್ಕೂ ಹರಿಯುತ್ತದೆ. ಆಮೇಲೆ ಮಿದುಳನ್ನು ಪೊರೆಯಷ್ಟು ತೆಳ್ಳಗೆ ಹೆಚ್ಚಿ, ಗಾಜಿನ ಮೇಲಿಟ್ಟು, ಕೋಣೆಯ ದೀಪ ಆರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಕತ್ತಲೆಯಲ್ಲಿ ಹಸಿರು ದಾರಿಗಳು ಮೂಡುತ್ತವೆ. ನೋಡುತ್ತ ನೋಡುತ್ತ ನಾನೇ ಅಲ್ಲಿ ನಡೆಯುತ್ತಿರುತ್ತೇನೆ, ಕಾಲಿಗೆ ನೆಲ ತಾಗುವುದಿಲ್ಲ. ಚಹಾ ಆರಿಹೋಗಿರುತ್ತದೆ.

ಈ ಸಲ ಎರಡು ಇಲಿ. ಒಂದು ಹೆತ್ತದ್ದು, ಇನ್ನೊಂದು ಎಂದೂ ಹೆರದ್ದು. ಹೆರದ ಇಲಿಯ ಗೂಡಿಗೆ ಬೇರೆ ಇಲಿಯ ಮರಿಗಳನ್ನು ಬಿಟ್ಟಿದ್ದೆವು. ಮೊದಮೊದಲು ಮಹಾರಾಯ್ತಿ ಮೂಗು ಮುರಿದು ಮೂಲೆ ಸೇರಿದಳು. ಕೆಲವು ದಿನ ಕಳೆದಮೇಲೆ, ಯಾರೂ ಹೇಳಿಕೊಡದೆ, ದೂರ ಹೊರಳಿದ್ದ ಮರಿಯೊಂದನ್ನು ಬಾಯಲ್ಲಿ ಕಚ್ಚಿ ತಂದು ಮಗ್ಗುಲಲ್ಲಿ ಹಾಕಿಕೊಂಡಳು.

ಮೊನ್ನೆ, ನಿನ್ನ ಕಾಗದದ ಗುಂಗಿನಲ್ಲಿ, ಯಾವ ಗಾಜು ಯಾವ ಇಲಿಯದೆಂಬ ಗುರುತನ್ನು ಪೆನ್ಸಿಲ್ ಬಿಟ್ಟು ಪೆನ್ನಿನಲ್ಲಿ ಬರೆದುಬಿಟ್ಟೆ. ಸ್ಪಿರಿಟ್‌ನಲ್ಲಿ ಅದ್ದಿದ್ದೇ ತಡ, ಶಾಯಿ ತೊಳೆದುಹೋಯಿತು. ಪ್ರಯೋಗಾಲಯದ ನಮ್ಮ ಮೇಡಂ ಚೆನ್ನಾಗಿ ಬೆಂಡೆತ್ತಿದರು. ಹೆತ್ತವಳು ಯಾರು, ಹೆರದವಳು ಯಾರು ಎಂದು ಕಣ್ಣು ಸೋಲುವವರೆಗೆ ಹುಡುಕಿದೆ. ಎರಡರಲ್ಲೂ ಅದೇ ಜಾಗದಿಂದ, ಅದೇ ತಿರುವುಗಳಲ್ಲಿ, ಅದೇ ಹಸಿರು. ಗೊತ್ತಾಗಲಿಲ್ಲ ಕಣೇ. ಇದರಿಂದ ಏನೂ ಸಾಬೀತಾಗುವುದಿಲ್ಲ, ಎಲ್ಲ ಮತ್ತೆ ಮೊದಲಿನಿಂದ ಮಾಡಬೇಕು ಎಂದರು ಮೇಡಂ. ಮಾಡೋಣ, ಅದಕ್ಕೇನು.

ಮಗುವನ್ನು ಕಳಿಸಬೇಡ. ಬಲವಂತಕ್ಕೆ ಮುದ್ದಿಸಲೂ ಬೇಡ. ಅವಳಿರುವ ಕೋಣೆಯಲ್ಲೇ ಕೂತು ನಿನ್ನ ಬಟ್ಟೆ ಮಡಚಿಕೊಂಡಿರು. ಬಾಗಿಲ ಸಂದಿಯಿಂದ ನೋಡುವಷ್ಟು ನೋಡಲಿ.

ಇಂತಿ ನಿನ್ನ,
ಚಿಕ್ಕಮ್ಮ

ತಾ.ಕ.: ಮದುವೆಯ ಮಾರನೆಯ ದಿನ ಕಾರು ಹತ್ತುವಾಗ ನೀನು ‘ಅಮ್ಮಾ, ಬರ್ತೀನಿ’ ಎಂದೆ. ಎಂದವಳೇ ನಾಲಿಗೆ ಕಚ್ಚಿಕೊಂಡು ‘ಚಿಕ್ಕಮ್ಮ’ ಎಂದು ತಿದ್ದಿಕೊಂಡೆ. ನಾನು ಕೇಳಿಸದವಳಂತೆ ನಿನ್ನ ಪೆಟ್ಟಿಗೆ ಎತ್ತಿಟ್ಟೆ. ಕೇಳಿಸಿತ್ತು. ತಿದ್ದಬೇಕಿರಲಿಲ್ಲ.